ಮಗುವಿನ ಕೌದಿಗೆ ಬೇಕಾದ ಸಾಮಾನು ಮನೆಯಲ್ಲೇ ಇದೆ

ಕ್ವಿಲ್ಟಿಂಗ್, ಅಂದರೆ ಬಟ್ಟೆಯ ಪದರ ಸೇರಿಸಿ ಕೌದಿ ಹೊಲಿಯುವುದು, ಕಲಿಯೋಣ ಎಂದು ಮೊಬೈಲ್‌ನಲ್ಲಿ ಹುಡುಕಿದರೆ ಮೊದಲು ಕಾಣುವುದು ಸಾಮಾನಿನ ಪಟ್ಟಿ. ಅಳತೆಯ ಅಚ್ಚು, ಗುರುತು ಹಾಕುವ ಪೆನ್ನು, ಅಂಚು ಹಿಡಿಯುವ ಕ್ಲಿಪ್ಪು, ಇಸ್ತ್ರಿಗೆ ಉಣ್ಣೆಯ ಹಾಸು. ಎಲ್ಲವನ್ನೂ ಕೊಂಡರೆ ಒಂದು ಒಳ್ಳೆ ರಗ್ಗಿನ ದುಡ್ಡು ಅಲ್ಲೇ ಹೋಗುತ್ತದೆ. ದಾವಣಗೆರೆ, ಹರಿಹರ, ಜಗಳೂರು ಕಡೆ ಕೌದಿ ಹೊಲಿಯುತ್ತಾ ಬಂದ ಅಜ್ಜಿಯರ ಹತ್ತಿರ ಇದ್ದದ್ದು ಸೂಜಿ, ದಾರ, ಹಳೇ ಸೀರೆ. ಉಳಿದದ್ದಕ್ಕೆಲ್ಲ ಅವರು ಮನೆಯಲ್ಲೇ ಕೈ ಚಾಚುತ್ತಿದ್ದರು. ನಾವೂ ಹಾಗೇ ಮಾಡಬಹುದು. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ಊರು ನಮ್ಮ ದಾವಣಗೆರೆ. ಇಲ್ಲಿ ಹತ್ತಿ ಬಟ್ಟೆ ಇಲ್ಲದ ಮನೆ ಇರಲಾರದು.

ಮೊದಲ ಸಲ ಹೊಲಿಯುವವರು ಮಗುವಿನ ಕೌದಿಯಿಂದ ಶುರು ಮಾಡಿ. ಅಳತೆ ಸುಮಾರು 40 ಇಂಚು ಅಗಲ, 48 ಇಂಚು ಉದ್ದ. ಒಂದೇ ಹಳೇ ಹತ್ತಿ ಸೀರೆ ಇದರ ಮುಕ್ಕಾಲು ಕೆಲಸ ಮುಗಿಸುತ್ತದೆ.

ಬಟ್ಟೆ ಆರಿಸುವುದು

ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ. ಎಲ್ಲಿ ಜಾಳು ಜಾಳಾಗಿದೆಯೋ ಅಲ್ಲಿ ಎರಡೂ ಕೈಯಿಂದ ಮೆಲ್ಲಗೆ ಎಳೆಯಿರಿ. ಪರ್ ಎಂದು ಹರಿದರೆ ಆ ಭಾಗ ಬೇಡ. ಕೂತಾಗ ಒತ್ತುವ ಜಾಗ ಮತ್ತು ನೆಲಕ್ಕೆ ತಾಗುವ ಅಂಚು ಬೇಗ ಸವೆಯುತ್ತವೆ. ಸೆರಗು ಸಾಮಾನ್ಯವಾಗಿ ಗಟ್ಟಿಯಾಗಿಯೇ ಉಳಿದಿರುತ್ತದೆ.

ಅಪ್ಪಟ ಹತ್ತಿಯೋ ಮಿಕ್ಸೋ ಎಂಬ ಅನುಮಾನ ಇದ್ದರೆ ನಾಲ್ಕು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿ ತೋರಿಸಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತಗಿನ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಎರಡನ್ನೂ ಬೆರೆಸಿ ಹೊಲಿಯುವುದು ನನಗೆ ಇಷ್ಟವಿಲ್ಲ. ಪಾಲಿಯೆಸ್ಟರ್ ಜಾರುತ್ತದೆ, ಬಿಸಿ ಇಸ್ತ್ರಿಗೆ ಮುದುಡುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಅದರ ಮೇಲೆ ಮಲಗಿದ ಮಗುವಿನ ಬೆನ್ನೆಲ್ಲ ಬೆವರು, ಅಲ್ವಾ?

ಈಗ ಲೆಕ್ಕ. ಸೀರೆ ಸಾಧಾರಣವಾಗಿ ಐದೂವರೆ ಮೀಟರ್, ಅಂದರೆ ಸುಮಾರು 216 ಇಂಚು ಉದ್ದ. ಅಗಲ 45 ಇಂಚಿನ ಆಸುಪಾಸು. ಮೊದಲು ಎರಡೂ ಕಡೆಯ ಅಂಚನ್ನು ಎರಡೆರಡು ಇಂಚಿನಂತೆ ಉದ್ದಕ್ಕೂ ಕತ್ತರಿಸಿ ಸುತ್ತಿಡಿ, ಕೊನೆಗೆ ಬೇಕಾಗುತ್ತದೆ. ಉಳಿದದ್ದರಲ್ಲಿ 50 ಇಂಚು ಉದ್ದದ ನಾಲ್ಕು ತುಂಡು ಮಾಡಿ. ಒಂದು ತಳದ ಪದರಕ್ಕೆ, ಎರಡು ನಡುವಿನ ಪದರಕ್ಕೆ. ನಾಲ್ಕನೆಯದು ಮೇಲಿನ ಪದರದ ಚೌಕಗಳಿಗೆ.

ಗಂಜಿ

ಈ ಹಂತ ಬಿಡಬೇಡಿ. ಹಳೇ ಹತ್ತಿ ಬಟ್ಟೆ ಎಷ್ಟು ಮೆತ್ತಗಿರುತ್ತದೆ ಎಂದರೆ ಕತ್ತರಿ ತಾಗಿದ ಕೂಡಲೇ ಓರೆಯಾಗಿ ಎಳೆದುಕೊಳ್ಳುತ್ತದೆ. ಚೌಕ ಎಂದುಕೊಂಡು ಕತ್ತರಿಸಿದ್ದು ಒಂದು ಮೂಲೆ ಉದ್ದವಾಗಿ ಕೂರುತ್ತದೆ. ಇದಕ್ಕೆ ಸ್ಪ್ರೇ ಡಬ್ಬಿ ಕೊಳ್ಳುವುದು ಬೇಡ. ಅನ್ನ ಬಸಿದ ಗಂಜಿಗೆ ನೀರು ಬೆರೆಸಿ ತೆಳುವಾಗಿಸಿ, ಬಟ್ಟೆಯಲ್ಲಿ ಸೋಸಿ. ಅಗುಳು ಉಳಿದರೆ ಇಸ್ತ್ರಿಯಲ್ಲಿ ಕಂದು ಕಲೆಯಾಗುತ್ತದೆ. ಚೌಕಕ್ಕೆ ಇಟ್ಟ ಬಟ್ಟೆಯನ್ನು ಮಾತ್ರ ಅದ್ದಿ, ಹಿಂಡಿ, ಒಣಗಿಸಿ, ಇನ್ನೂ ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡಿ. ಕಾಗದದ ಹಾಗೆ ನಿಲ್ಲುತ್ತದೆ.

ಗಂಜಿ ಹಾಕಿದ ಬಟ್ಟೆಯನ್ನು ತಿಂಗಳುಗಟ್ಟಲೆ ಟ್ರಂಕಿನಲ್ಲಿ ಇಡಬೇಡಿ. ಬೆಳ್ಳಿ ಹುಳಕ್ಕೆ ಗಂಜಿ ಅಂದರೆ ಬಹಳ ಪ್ರೀತಿ, ಬಟ್ಟೆಯನ್ನೂ ಸೇರಿಸಿ ತಿನ್ನುತ್ತದೆ. ಹಾಕಿದ ವಾರದಲ್ಲೇ ಹೊಲಿಗೆ ಶುರುವಾಗಲಿ.

ಇಸ್ತ್ರಿಗೆ ಕಂಬಳಿಗಿಂತ ಒಳ್ಳೆ ಹಾಸು ಇಲ್ಲ. ಕ್ವಿಲ್ಟಿಂಗ್ ಅಂಗಡಿಗಳು ಉಣ್ಣೆಯ ಇಸ್ತ್ರಿ ಹಾಸನ್ನು ವಿಶೇಷ ಸಾಮಾನು ಎಂದು ಮಾರುತ್ತವೆ. ಅದರ ಗುಣ ಇಷ್ಟೇ: ಉಣ್ಣೆ ಬಿಸಿಯನ್ನು ಹಿಡಿದಿಟ್ಟುಕೊಂಡು ಕೆಳಗಿನಿಂದಲೂ ಒತ್ತುತ್ತದೆ, ಹೊಲಿಗೆಯ ಉಬ್ಬನ್ನು ತನ್ನೊಳಗೆ ಇಳಿಸಿಕೊಳ್ಳುತ್ತದೆ. ಪಕ್ಕದ ಚಳ್ಳಕೆರೆಯ ಕಂಬಳಿ ಮನೆಯಲ್ಲಿದ್ದರೆ ನಾಲ್ಕು ಮಡಿಕೆ ಮಾಡಿ, ಮೇಲೆ ಬಿಳಿ ಪಂಚೆ ಹಾಸಿ. ಅದೇ ಗುಣ ಇದರಲ್ಲೂ ಇದೆ.

ಅಚ್ಚು, ಗುರುತು, ಕತ್ತರಿ

ನಮಗೆ ಬೇಕಾದ್ದು 30 ಚೌಕ, ಅಗಲಕ್ಕೆ 5, ಉದ್ದಕ್ಕೆ 6. ಹೊಲಿದ ಮೇಲೆ ಒಂದೊಂದೂ 8 ಇಂಚು ಇರಬೇಕು. ಸುತ್ತ ಕಾಲಿಂಚು ಹೊಲಿಗೆಗೆ ಹೋಗುತ್ತದೆ. ಹಾಗಾಗಿ ಎಂಟೂವರೆ ಇಂಚಿಗೆ ಕತ್ತರಿಸಬೇಕು. ಎತ್ತಿಟ್ಟ ಸೀರೆ ತುಂಡಿನಲ್ಲೇ 20 ಚೌಕ ಏಳುತ್ತವೆ. ಉಳಿದ 10ಕ್ಕೆ ಹಳೇ ಅಂಗಿಯ ಬೆನ್ನು, ಲುಂಗಿ, ಚಿಕ್ಕದಾದ ಯೂನಿಫಾರ್ಮ್ ನೋಡಿ.

ಅಚ್ಚಿಗೆ ಹಳೇ ಎಕ್ಸ್‌ರೇ ಫಿಲ್ಮ್ ತೆಗೆದುಕೊಳ್ಳಿ. ಬೀರುವಿನ ಮೇಲೆ ವರ್ಷಗಟ್ಟಲೆ ಸುಮ್ನೆ ಬಿದ್ದಿರುತ್ತದೆ. ಯಾವಾಗಲಾದರೂ ವೈದ್ಯರಿಗೆ ತೋರಿಸುವುದು ಬರುತ್ತದೆಯೇ ಎಂದು ಮನೆಯವರನ್ನು ಕೇಳಿಯೇ ಕತ್ತರಿ ಹಾಕಿ. ರಟ್ಟಿನ ಮೂಲೆ ಹತ್ತು ಸಲ ಗೀಚುವಷ್ಟರಲ್ಲಿ ಸವೆಯುತ್ತದೆ, ಫಿಲ್ಮ್ ಸವೆಯುವುದಿಲ್ಲ. ತಿಳಿಯಾದ ಭಾಗದಿಂದ ಕೆಳಗಿನ ಹೂವು, ಗೆರೆ ಕಾಣುವುದರಿಂದ ಚೌಕದ ಸರಿ ನಡುವಿಗೆ ಹೂವು ಕೂರಿಸಬಹುದು. ಫಿಲ್ಮ್ ಸಿಗದಿದ್ದರೆ ದಪ್ಪನೆಯ ಮದುವೆ ಪತ್ರಿಕೆಗಳನ್ನು ಅಂಟಿಸಿ ಮಾಡಿಕೊಳ್ಳಿ. ಅಚ್ಚು ಜಾರುತ್ತಿದ್ದರೆ ಅದರ ಕೆಳಗೆ ಉಪ್ಪು ಕಾಗದದ ಎರಡು ಚೂರು ಅಂಟಿಸಿ, ಒರಟು ಮೈ ಬಟ್ಟೆಯ ಕಡೆ ಇರಲಿ.

ಗುರುತಿಗೆ ಸವೆದ ಸೋಪಿನ ಬಿಲ್ಲೆ. ಚೆನ್ನಾಗಿ ಒಣಗಿಸಿದರೆ ಅಂಚು ಚೂಪಾಗುತ್ತದೆ, ಗಾಢ ಬಣ್ಣದ ಮೇಲೆ ಬೆಳ್ಳಗೆ ಎದ್ದು ಕಾಣುತ್ತದೆ, ಒಗೆದರೆ ಹೋಗುತ್ತದೆ. ಎಣ್ಣೆ, ಕ್ರೀಮು ಜಾಸ್ತಿ ಇರುವ ಸೋಪು ಬೇಡ, ಜಿಡ್ಡಿನ ಗೆರೆ ಉಳಿಯುತ್ತದೆ. ರೇಷ್ಮೆಯ ಮೇಲೆ ಯಾವ ಸೋಪೂ ಬೇಡ. ತಿಳಿ ಬಣ್ಣಕ್ಕೆ ಪೆನ್ಸಿಲ್ಲಿನಲ್ಲಿ ತೇಲಿಸಿ ಗೆರೆ ಎಳೆಯಿರಿ. ಬಾಲ್‌ಪೆನ್ನು ಮುಟ್ಟಲೇಬೇಡಿ.

ಕತ್ತರಿಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಹಾಲಿನ ಪ್ಯಾಕೆಟ್ಟು, ರಟ್ಟು, ಎಕ್ಸ್‌ರೇ ಕತ್ತರಿಸಿದ ಕತ್ತರಿ ಬಟ್ಟೆಗೆ ಬರಬಾರದು. ಬಟ್ಟೆಯ ಕತ್ತರಿಗೆ ಒಂದು ರಿಬ್ಬನ್ ಕಟ್ಟಿಡಿ, ಮನೆಯವರೆಲ್ಲರಿಗೂ ಗೊತ್ತಾಗಲಿ.

ಜೋಡಿಸುವುದು

ಚೌಕಗಳನ್ನು ಮಂಚದ ಮೇಲೆ ಹರಡಿ, ಮೊಬೈಲ್‌ನಲ್ಲಿ ಫೋಟೊ ತೆಗೆದು ಕಪ್ಪು ಬಿಳುಪಿಗೆ ಬದಲಿಸಿ. ಗಾಢ ಬಣ್ಣವೆಲ್ಲ ಒಂದೇ ಕಡೆ ಗುಂಪಾಗಿದ್ದರೆ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಸರಿಪಡಿಸಿ, ಸಾಲು ಸಾಲಾಗಿ ಹೊಲಿಯಿರಿ. ಮಷಿನ್ ಇದ್ದರೆ ಸೂಜಿಯಿಂದ ಕಾಲಿಂಚು ದೂರಕ್ಕೆ ನಾಲ್ಕು ವಿಸಿಟಿಂಗ್ ಕಾರ್ಡನ್ನು ಒಂದರ ಮೇಲೊಂದು ಇಟ್ಟು ಟೇಪಿನಿಂದ ಅಂಟಿಸಿ. ಬಟ್ಟೆಯ ಅಂಚು ಅದಕ್ಕೆ ತಾಗಿಕೊಂಡೇ ಹೋಗಲಿ. ಸಾಲು ತಾನೇ ನೇರ ಬರುತ್ತದೆ.

ಪದರ ಹಾಸಿ ದಾರ ಹಾಕುವುದು

ಹಾಲ್‌ನ ನೆಲ ಒರೆಸಿ ಒಣಗಿಸಿ. ತಳದ ಬಟ್ಟೆಯನ್ನು ಉಲ್ಟಾ ಮುಖ ಮೇಲೆ ಬರುವಂತೆ ಹಾಸಿ, ನಾಲ್ಕು ಮೂಲೆಗೂ ಒಂದೊಂದು ಕಿಲೋ ಬೇಳೆ ಪ್ಯಾಕೆಟ್ ಇಡಿ. ಬಟ್ಟೆ ಬಿಗಿಯಾಗಿರಬೇಕು, ಆದರೆ ಹಿಗ್ಗಬಾರದು. ಮೇಲೆ ನಡುವಿನ ಎರಡು ಪದರ, ಕೊನೆಗೆ ಚೌಕಗಳ ಪದರ. ನಡುವಿನಿಂದ ಹೊರಗೆ ಅಂಗೈಯಿಂದ ಸವರಿ ಸುಕ್ಕು ತೆಗೆಯಿರಿ. ಸೀರೆಗೆ ಹಾಕುವ ಸೇಫ್ಟಿ ಪಿನ್ನುಗಳನ್ನೆಲ್ಲ ಒಟ್ಟು ಮಾಡಿ, ಒಂದು ಗೇಣಿಗಿಂತ ದೂರ ಬಿಡದೆ ಚುಚ್ಚಿ. ಎಷ್ಟು ಪಿನ್ನು ಹಾಕಿದಿರಿ ಎಂದು ಬರೆದಿಡಿ. ಬಿಚ್ಚುವಾಗ ಅಷ್ಟೂ ವಾಪಸ್ ಬರಬೇಕು, ಇದು ಮಗು ಮಲಗುವ ಕೌದಿ.

ಈಗ ನಾಲ್ಕೂ ಪದರ ಸೇರಿಸಿ ಹೊಲಿಯುವುದು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಅಂಚಿನಿಂದ ಶುರು ಮಾಡಿ, ಸುತ್ತುತ್ತಾ ನಡುವಿಗೆ ಬರುತ್ತಾರೆ. ಅವರ ಕೌದಿಗಳ ಚಂದವೇ ಬೇರೆ, ಆದರೆ ಅದಕ್ಕೆ ಪಳಗಿದ ಕೈ ಬೇಕು. ಹೊಸಬರು ನಡುವಿನಿಂದ ಹೊರಗೆ ಹೋಗುವುದೇ ಒಳ್ಳೆಯದು. ಆಗ ಸುಕ್ಕು ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ.

ದಾರ ಮತ್ತು ಸೂಜಿಗೆ ಮಾತ್ರ ದುಡ್ಡು ಹಾಕಿ. ಡಬ್ಬಿಯ ತಳದಲ್ಲಿ ಹತ್ತು ವರ್ಷದಿಂದ ಬಿದ್ದ ದಾರ ಬೆರಳಿಗೆ ಸುತ್ತಿ ಎಳೆದರೆ ತುಂಡಾಗುತ್ತದೆ. ಇಷ್ಟು ದಿನದ ಕೆಲಸವನ್ನು ಅದಕ್ಕೆ ಒಪ್ಪಿಸಬೇಡಿ. ಚೌಕಿಪೇಟೆಯ ಅಂಗಡಿಗಳ ಕಡೆ ಹೋದಾಗ ದಪ್ಪ ಹತ್ತಿ ದಾರ ಮತ್ತು ಉದ್ದ ಕಣ್ಣಿನ ಗಟ್ಟಿ ಸೂಜಿ ತನ್ನಿ. ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿ ದಾರ ಕತ್ತರಿಸಿ, ಮೇಣದ ಬತ್ತಿಯ ಮೇಲೆ ಒಮ್ಮೆ ಎಳೆಯಿರಿ, ಗಂಟು ಬೀಳುವುದು ಕಡಿಮೆಯಾಗುತ್ತದೆ. ಜೇನುಮೇಣ ಇದ್ದರೆ ಇನ್ನೂ ಉತ್ತಮ. ದಾರ ಪೋಣಿಸಲು ಕಣ್ಣು ಸಾಲದಿದ್ದರೆ ಕೆಟ್ಟ ಇಯರ್‌ಫೋನಿನ ವೈರಿನಿಂದ ಒಂದು ತಾಮ್ರದ ಎಳೆ ತೆಗೆದು, ಮಡಚಿ, ಕುಣಿಕೆ ಮಾಡಿ. ಕುಣಿಕೆಯನ್ನು ಸೂಜಿಯ ಕಣ್ಣಲ್ಲಿ ತೂರಿಸಿ, ದಾರ ಅದರೊಳಗೆ ಹಾಕಿ, ಹಿಂದಕ್ಕೆ ಎಳೆದರೆ ಆಯಿತು.

ಹೊಲಿಗೆಗಳು ಜೋಡಿಯಾದ ಕಡೆ ಸೂಜಿ ಸಿಕ್ಕಿಕೊಳ್ಳುತ್ತದೆ. ಹಲ್ಲಿನಿಂದ ಎಳೆಯುವ ಅಭ್ಯಾಸ ಬಹಳ ಜನಕ್ಕಿದೆ, ದಯವಿಟ್ಟು ಬೇಡ. ಪಂಕ್ಚರ್ ಅಂಗಡಿಯಲ್ಲಿ ಬಿಸಾಡಿದ ಸೈಕಲ್ ಟ್ಯೂಬಿನ ಎರಡು ಇಂಚು ತುಂಡು ಕೇಳಿ ತನ್ನಿ. ತೊಳೆದು, ಅದರಿಂದ ಸೂಜಿ ಹಿಡಿದು ಎಳೆದರೆ ಜಾರದೆ ಬರುತ್ತದೆ. ಸೂಜಿ ಒತ್ತುವ ನಡುಬೆರಳಿಗೆ ಎರಡು ಸುತ್ತು ಬ್ಯಾಂಡೇಡ್ ಹಾಕಿಕೊಳ್ಳಿ.

ಸಾಲಿನಿಂದ ಸಾಲಿಗೆ ಎರಡು ಬೆರಳು ಅಂತರ ಸಾಕು. ನೇರ ಸಾಲು ಬೇಸರವಾದರೆ ಬಳೆ ತೆಗೆದುಕೊಳ್ಳಿ. ಬಳೆಯ ನಂಬರು ಒಂದು ಅಳತೆಯೇ. 2-4 ಅಂದರೆ ಒಳಗಿನ ಅಗಲ ಎರಡು ಇಂಚು ಮತ್ತು ಇಂಚಿನ ಹದಿನಾರರಲ್ಲಿ ನಾಲ್ಕು ಭಾಗ, ಅಂದರೆ ಎರಡೂಕಾಲು ಇಂಚು. 2-8 ಅಂದರೆ ಎರಡೂವರೆ. ಒಳಗಡೆಯಿಂದ ಸೋಪಿನಲ್ಲಿ ಗೀಚಿ, ಮುಂದಿನ ಸುತ್ತನ್ನು ಅರ್ಧ ಸರಿಸಿ ಹಾಕುತ್ತಾ ಹೋದರೆ ಎಸಳುಗಳು ಮೂಡುತ್ತವೆ. ಇನ್ನೂ ದೊಡ್ಡದು ಬೇಕೆಂದರೆ ಲೋಟ, ತಟ್ಟೆ ಇದ್ದೇ ಇವೆ.

ಅಂಚು ಕಟ್ಟುವುದು

ನಾಲ್ಕೂ ಬದಿ ಸಮ ಮಾಡಿ ಕತ್ತರಿಸಿ. ಸುತ್ತಳತೆ ಹದಿನೈದು ಅಡಿಯ ಒಳಗೇ ಇರುತ್ತದೆ. ಎತ್ತಿಟ್ಟ ಸೀರೆಯಂಚು 18 ಅಡಿ ಇದೆ, ಹಾಗಾಗಿ ಒಂದೇ ಸಾಕು, ಇನ್ನೊಂದು ಮುಂದಿನ ಕೌದಿಗೆ. ಅಂಚನ್ನು ಉದ್ದಕ್ಕೆ ಮಡಚಿ, ಕೌದಿಯ ಬದಿಯನ್ನು ಅದರೊಳಗೆ ಸೇರಿಸಿ, ಬಟ್ಟೆ ಒಣಗಿಸುವ ಕ್ಲಿಪ್ಪುಗಳಿಂದ ಹಿಡಿಸಿ. ಇಷ್ಟು ದಪ್ಪಕ್ಕೆ ಗುಂಡುಪಿನ್ನು ಬಾಗುತ್ತದೆ, ಕ್ಲಿಪ್ಪು ಗಟ್ಟಿ ನಿಲ್ಲುತ್ತದೆ. ಚಿಕ್ಕ ಚಿಕ್ಕ ಟಾಕಿನಲ್ಲಿ ಹೊಲಿಯಿರಿ. ಜರಿ ಅಂಚು ಬೇಡ, ಮಗುವಿನ ಕೆನ್ನೆಗೆ ಚುಚ್ಚುತ್ತದೆ. ಅಲಂಕಾರಕ್ಕೆಂದು ಗುಂಡಿ, ಮಣಿಯನ್ನೂ ಹೊಲಿಯಬೇಡಿ.

ಕೆಲಸ ಮುಗಿದ ಮೇಲೆ ಹಳೇ ಸ್ಪೀಕರಿನ ಆಯಸ್ಕಾಂತವನ್ನು ನೆಲದ ಮೇಲೂ ಕೌದಿಯ ಎರಡೂ ಮೈ ಮೇಲೂ ಆಡಿಸಿ. ಬಿದ್ದ ಸೂಜಿ, ಪಿನ್ನು ಅಂಟಿಕೊಂಡು ಬರುತ್ತವೆ. ಆಮೇಲೆ ಗಂಜಿ ಮತ್ತು ಸೋಪಿನ ಗುರುತು ಹೋಗುವಂತೆ ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ, ಕೈಯಲ್ಲೇ ಒಗೆಯಿರಿ. ನೀರು ಕುಡಿದ ಕೌದಿ ಭಾರ, ಒಂದೇ ಹಗ್ಗಕ್ಕೆ ನೇತು ಹಾಕಿದರೆ ಹೊಲಿಗೆ ಜಗ್ಗುತ್ತದೆ. ಎರಡು ಹಗ್ಗದ ಮೇಲೆ ಹರಡಿ. ಪೂರ್ತಿ ಒಣಗಿದ ಮೇಲೆ ಎಳೆ ಮಗುವಿಗೆ ಕೆಳಗೆ ಹಾಸಲು ಮಾತ್ರ ಬಳಸಿ. ಹೊದಿಸುವುದು ಮಗುವಿಗೆ ವರ್ಷ ತುಂಬಿದ ಮೇಲೆ.