ಗೇಟಿನಲ್ಲಿ ಕಾರಿನ ಬದಲು ಜನರನ್ನು ಎಣಿಸಿದಾಗ

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಎತ್ತರದ ಕಟ್ಟಡ ಎದ್ದರೆ ರಸ್ತೆ ಮೇಲೆ ಎಷ್ಟು ಹೊರೆ ಬೀಳುತ್ತದೆ ಅಂತ ಲೆಕ್ಕ ಹಾಕುವುದು ನನ್ನ ಕೆಲಸ. ಇಂಥ ಸಂಚಾರ ವರದಿಗಳೆಲ್ಲ ನಿಂತಿರುವುದು ಪಿಸಿಯು (ಪ್ಯಾಸೆಂಜರ್ ಕಾರ್ ಯೂನಿಟ್) ಅನ್ನುವ ಅಳತೆಯ ಮೇಲೆ, ಅಂದರೆ ಒಂದು ಗಾಡಿ ರಸ್ತೆಗೆ ಎಷ್ಟು ಕಾರಿಗೆ ಸಮ ಅನ್ನುವ ಲೆಕ್ಕ. ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1990ರ ಮಾರ್ಗಸೂಚಿಯಲ್ಲಿ ಕಾರಿಗೆ 1, ಬೈಕಿಗೆ 0.5ರಿಂದ 0.75, ಬಸ್ಸಿಗೆ 2.2ರಿಂದ 3.7. ಒಬ್ಬರೇ ಕೂತ ಕಾರಿಗೂ 1, ತುಂಬಿ ಬಂದ ಕಾರಿಗೂ 1. ನಡೆದು ಬರುವವರಿಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ಗಾಡಿ ಎಷ್ಟು ರಸ್ತೆ ತಿನ್ನುತ್ತದೆ ಅಂತ ನೋಡಲು ಈ ಅಳತೆ ಸರಿ. ಎಷ್ಟು ಬಸ್ಸು ಬೇಕು, ಮೆಟ್ರೋಗೆ ಎಷ್ಟು ಜನ ಹೋಗುತ್ತಾರೆ ಅನ್ನುವುದು ಅದರಿಂದ ತಿಳಿಯುವುದಿಲ್ಲ.

ಬಿನ್ನಿಪೇಟೆ, ಮಾಗಡಿ ರೋಡ್, ರಾಜಾಜಿನಗರದ ಸುತ್ತ ಇದು ಎದ್ದು ಕಾಣುತ್ತದೆ. ಹಿಂದೆ ಮಿಲ್ಲು, ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಇಪ್ಪತ್ತು ಅಂತಸ್ತು ದಾಟಿದ ಅಪಾರ್ಟ್‌ಮೆಂಟ್‌ಗಳಿವೆ. ಸುತ್ತಲಿನ ಬೀದಿಗಳು ಮಾತ್ರ ಹೆಚ್ಚುಕಡಿಮೆ ಮೊದಲಿನಷ್ಟೇ ಅಗಲ. 2015ರ ನವೆಂಬರ್‌ನಲ್ಲಿ ಮಾಗಡಿ ರೋಡ್–ಮೈಸೂರು ರೋಡ್ ಮೆಟ್ರೋ ಶುರುವಾಯಿತು. ಮುಂದಿನ ಏಪ್ರಿಲ್ ಕೊನೆಗೆ ಅದು ಮೆಜೆಸ್ಟಿಕ್ ಮೂಲಕ ಎಂ.ಜಿ. ರೋಡಿಗೆ ಸೇರಿತು. ಮೆಟ್ರೋ ಪಕ್ಕದಲ್ಲೇ ಇದೆಯಲ್ಲ, ಇನ್ನೇನು ತೊಂದರೆ ಅಂತ ಎಲ್ಲರೂ ಕೇಳುತ್ತಾರೆ.

ಈ ಭಾಗದ ಒಂದು ಅಪಾರ್ಟ್‌ಮೆಂಟಿನ ಕೆಲಸ ಬಂದಾಗ ನಾನು ಕಾರು ಎಣಿಸುವ ಹುಡುಗರನ್ನು ಮುಂದಿನ ಗೇಟಿನಲ್ಲೇ ಬಿಟ್ಟೆ. ನಾನು ಹೋಗಿ ಹಿಂದಿನ ಸಣ್ಣ ಗೇಟಿನ ಹತ್ತಿರ ನಿಂತೆ. ಹಾಳೆಯಲ್ಲಿ ಬರೆದದ್ದು ನಾಲ್ಕೇ ವಿಷಯ: ಒಳಗೋ ಹೊರಗೋ, ಎಷ್ಟು ಗಂಟೆಗೆ, ಯಾವುದರಲ್ಲಿ ಬಂದರು, ಯಾವ ಕಡೆಯಿಂದ.

ಬೆಳಿಗ್ಗೆ ಆರೂವರೆಗೆಲ್ಲ ಆ ಗೇಟಿಗೆ ಜನ ಬರತೊಡಗಿದರು. ಅಡುಗೆಯವರು, ಮನೆಕೆಲಸದವರು, ಸೆಕ್ಯುರಿಟಿಯವರು, ಹೌಸ್‌ಕೀಪಿಂಗ್ ಹೆಂಗಸರು. ರಿಜಿಸ್ಟರ್ ಪುಸ್ತಕದ ಮುಂದೆ ಸಾಲು. ಒಬ್ಬೊಬ್ಬರೂ ಫ್ಲಾಟ್ ನಂಬರ್ ಬರೆದು, ಸಹಿ ಹಾಕಿ, ಬ್ಯಾಗ್ ತೆರೆದು ತೋರಿಸಿ ಒಳಗೆ ಹೋಗಬೇಕು. ಅಷ್ಟು ಹೊತ್ತಿಗೆ ಇನ್ನೊಂದು ಬಸ್ಸಿನಿಂದ ಇಳಿದವರು ಹಿಂದೆ ಸೇರುತ್ತಿದ್ದರು. ಹತ್ತಿರದ ಕೆ.ಪಿ. ಅಗ್ರಹಾರದವರು ನಡೆದು ಬಂದರು. ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ ಕಡೆಯವರು ಬಿಎಂಟಿಸಿ ಬಸ್ಸಿನಲ್ಲಿ ಬಂದರು. ಮೆಟ್ರೋದಲ್ಲಿ ಬಂದವರು ತೀರ ಕಡಿಮೆ.

ಕಾರಣ ಕೇಳಿದರೆ ಸುಲಭವಾಗಿ ಅರ್ಥವಾಗುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸು ಉಚಿತ. ಮೆಟ್ರೋಗೆ ಪ್ರತಿ ಸಲವೂ ದುಡ್ಡು ಬೇಕು, 2025ರ ಫೆಬ್ರವರಿಯಲ್ಲಿ ದರವೂ ಜಾಸ್ತಿಯಾಯಿತು. ಎರಡು ಮೂರು ಮನೆ ಕೆಲಸ ಮಾಡಿ ಮನೆ ನಡೆಸುವವರಿಗೆ ಅದು ಸಣ್ಣ ಮೊತ್ತ ಅಲ್ಲ. ನಿಲ್ದಾಣ ಎಷ್ಟು ಹತ್ತಿರವಿದ್ದರೂ ಅವರ ಪಾಲಿಗೆ ಬಸ್ಸೇ ಗತಿ. ನಮ್ಮ ವರದಿಗಳು ಫ್ಲಾಟಿನಲ್ಲಿ ವಾಸಿಸುವವರ ಲೆಕ್ಕದಲ್ಲೇ ಮುಗಿಯುತ್ತವೆ. ಆ ಕಟ್ಟಡ ನಡೆಯುವಂತೆ ನೋಡಿಕೊಳ್ಳುವವರು ಅದರಲ್ಲಿ ಬರುವುದೇ ಇಲ್ಲ. ಇದು ನನಗೆ ಅನ್ಯಾಯ ಅಂತಲೇ ಅನ್ನಿಸುತ್ತದೆ.

ವಾಸಿಸುವವರ ಲೆಕ್ಕವನ್ನೂ ಬೇರೆ ಥರ ಹಾಕಿದೆ. ಉದಾಹರಣೆಗೆ 500 ಫ್ಲಾಟು, ಮನೆಗೆ ಮೂವರು ಅಂದರೆ 1,500 ಜನ. ಐವರಲ್ಲಿ ಒಬ್ಬರು ಪೀಕ್ ಅವರ್‌ನಲ್ಲಿ ಹೊರಟರೂ 300 ಜನ. ಅವರೆಲ್ಲ ಬಸ್ಸಿಗೇ ಬಂದರೆ, ಬಸ್ಸಿಗೆ ಅರವತ್ತು ಜನರಂತೆ, ಒಂದು ಗಂಟೆಗೆ ಐದು ಬಸ್ಸು ತುಂಬುತ್ತದೆ. ಇಂಥ ಇನ್ನೆರಡು ಕಟ್ಟಡ ಅದೇ ರಸ್ತೆಗೆ ಬಂದರೆ ಹದಿನೈದು. ಆರು ಬೋಗಿಯ ಮೆಟ್ರೋ ರೈಲಿಗೆ 300 ಜನ ದೊಡ್ಡ ಭಾರ ಅಲ್ಲ. ಆದರೆ ಅವರು ನಿಲ್ದಾಣದವರೆಗೆ ತಲುಪಬೇಕಲ್ಲ!

ಆ ದಾರಿಯನ್ನು ಟೇಪ್ ಹಿಡಿದು ನಡೆದೆ. ಫುಟ್‌ಪಾತ್‌ನಲ್ಲಿ ಅಡ್ಡಿಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಇರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸೇ ಹೇಳುತ್ತದೆ. ಒಂದು ಕಡೆ ಟ್ರಾನ್ಸ್‌ಫಾರ್ಮರ್ ಬೇಲಿ ಇಡೀ ಅಗಲವನ್ನು ನುಂಗಿತ್ತು. ಜನ ಕೆಳಗಿಳಿದು, ಎದುರಿಂದ ಬರುವ ಬಸ್ಸಿನ ಪಕ್ಕದಲ್ಲೇ ನಾಲ್ಕು ಹೆಜ್ಜೆ ಹಾಕಿ, ಮತ್ತೆ ಮೇಲೆ ಹತ್ತುತ್ತಿದ್ದರು. ಮಗು ಎತ್ತಿಕೊಂಡ ಅಜ್ಜಿಯೊಬ್ಬರು ಅಲ್ಲಿ ನಿಂತು, ಎರಡು ಬಸ್ಸು ಹೋಗುವವರೆಗೆ ಕಾದರು. ಇಂಥ ದಾರಿ ಇದ್ದರೆ ಕಾರಿರುವವರು ಕಾರನ್ನೇ ತೆಗೆಯುತ್ತಾರೆ ಅಲ್ವಾ?

ವರದಿಯಲ್ಲಿ ಮೂರು ಬೇಡಿಕೆ ಇಟ್ಟೆ. ನಿಲ್ದಾಣದ ಕಡೆಗೆ ಒಂದು ನಡಿಗೆ ಗೇಟು. ಬೆಳಿಗ್ಗೆ ಆರೂವರೆಯಿಂದಲೇ ಮಾಗಡಿ ರೋಡ್ ಕಡೆಯಿಂದ ಹೆಚ್ಚು ಸಾಮಾನ್ಯ ಬಸ್ಸು. ಟ್ರಾನ್ಸ್‌ಫಾರ್ಮರ್ ಸ್ಥಳಾಂತರ. ಗೇಟಿನ ವಿಷಯಕ್ಕೆ ನಿವಾಸಿಗಳು ಭದ್ರತೆ ಅಂತ ತಕರಾರು ತೆಗೆದರು. ಮುಂದಿನ ಗೇಟಿನಿಂದ ಸುತ್ತಿ ಹೋಗುವ ದಾರಿಯನ್ನು ಅವರ ಜೊತೆಗೇ ನಡೆದು ತೋರಿಸಿದ ಮೇಲೆ, ಕಾರ್ಡ್ ಹಾಕಿ ತೆರೆಯುವ ಗೇಟಿಗೆ ಒಪ್ಪಿದರು. ಈಗ ಕೆಲಸದವರಿಗೂ ಅದೇ ಕಾರ್ಡು ಕೊಡಿ ಅಂತ ಕೇಳುತ್ತಿದ್ದೇನೆ. ಬಸ್ಸಿನ ಬೇಡಿಕೆ ಇನ್ನೂ ಪರಿಶೀಲನೆಯಲ್ಲಿದೆ. ಟ್ರಾನ್ಸ್‌ಫಾರ್ಮರ್ ಅಲ್ಲೇ ಇದೆ.

ಆಮೇಲೆ ಬರೆದ ಪ್ರತಿ ವರದಿಯಲ್ಲೂ ಪಿಸಿಯು ಪಟ್ಟಿಯ ಪಕ್ಕದಲ್ಲಿ ಜನರ ಪಟ್ಟಿ ಹಾಕುತ್ತಿದ್ದೇನೆ. ಅದರಲ್ಲಿ ಹಿಂದಿನ ಗೇಟಿನವರಿಗೆ ಬೇರೆ ಸಾಲು ಇರುತ್ತದೆ. ನಿಮ್ಮ ಬೀದಿಗೆ ಎತ್ತರದ ಕಟ್ಟಡ ಬರುತ್ತಿದ್ದರೆ ಸಂಚಾರ ವರದಿಯ ಪ್ರತಿ ಕೇಳಿ ಪಡೆಯಿರಿ. ಆ ಸಾಲು ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಬೆಳಿಗ್ಗೆ ಆರೂವರೆಗೆ ಅಂಥದ್ದೇ ಇನ್ನೊಂದು ಕಟ್ಟಡದ ಹಿಂದಿನ ಗೇಟಿಗೆ ಹೋಗಿ, ನೀವೇ ಎಣಿಸಿ, ಕಟ್ಟಡಕ್ಕೆ ಅನುಮತಿ ಕೊಡುವ ಕಚೇರಿಗೆ ಬರೆದು ಕೊಡಿ.