ಮಂಡಿ ಮಾತು ಕೇಳಿತು, ಬಾಯಿ ಕೇಳಲಿಲ್ಲ

ಸ್ತನ ಕ್ಯಾನ್ಸರ್ ರೋಗಿಗಳ ನೆರವಿಗಾಗಿ ಏರ್ಪಾಡಾಗಿದ್ದ 21 ಕಿಲೋಮೀಟರ್ ನಡಿಗೆಗೆ ಹೆಸರು ಕೊಟ್ಟ ದಿನ ನನ್ನ ಚಿಂತೆಯೆಲ್ಲ ಮಂಡಿಯದೇ ಆಗಿತ್ತು. ಹದಿನೈದು ವರ್ಷ ಕುರ್ಚಿಯಲ್ಲೇ ಕೂತ ಮಂಡಿ ಅದು. ಕೊನೆಗೆ ಕೈಕೊಟ್ಟದ್ದು ಮಾತ್ರ ಬಾಯಿ.

ನಡೆಯುವ ಪ್ರತಿಯೊಬ್ಬರೂ ಇಂತಿಷ್ಟು ದೇಣಿಗೆ ಎತ್ತಲೇಬೇಕು ಎಂಬ ಕರಾರಿತ್ತು. ನಾನು ಜಾಣತನ ಮಾಡಿ ವಿಶ್ವ ಆರೋಗ್ಯ ಸಂಸ್ಥೆಯ ಅಂಕಿಗಳನ್ನು ಹುಡುಕಿ ತೆಗೆದೆ. 2022ರಲ್ಲಿ ಜಗತ್ತಿನಾದ್ಯಂತ 23 ಲಕ್ಷ ಹೆಂಗಸರಲ್ಲಿ ಈ ಕಾಯಿಲೆ ಪತ್ತೆ, 6.7 ಲಕ್ಷ ಸಾವು. ಇದನ್ನೇ ಬರೆದು ಎಲ್ಲ ವಾಟ್ಸಾಪ್ ಗುಂಪುಗಳಿಗೂ ಹಾಕಿದೆ. ಕೈಮುಗಿದ ಚಿತ್ರಗಳು ರಾಶಿ ಬಿದ್ದವು. ದುಡ್ಡು ಬಂದದ್ದು ಇಬ್ಬರಿಂದ, ಅದರಲ್ಲೊಬ್ಬಳು ನನ್ನ ಮಗಳು.

ಅಕ್ಕನ ವಿಷಯ ಬರೆದಿದ್ದರೆ ಜನ ಕೊಡುತ್ತಿದ್ದರು ಅಂತ ಗೊತ್ತಿತ್ತು. ಆದರೆ ಕಾಯಿಲೆ ಅವಳದು, ಅದನ್ನು ಮುಂದಿಟ್ಟು ಕೈಚಾಚುವುದು ನಾನು. ಅಳುಕುತ್ತಲೇ ಕೇಳಿದೆ. ಒಂದು ದಿನ ಸುಮ್ಮನಿದ್ದಳು. ಆಮೇಲೆ ಫೋನು ಮಾಡಿ, "ಬರಿ. ಆದ್ರೆ ಹೋರಾಡಿ ಗೆದ್ದಳು ಅಂತ ಬರೀಬೇಡ. ನಾನೇನು ಹೋರಾಡಿದೆ? ಡಾಕ್ಟರ್ ಹೇಳಿದ ದಿನ ಹೋಗಿ ಮಲಗಿದೆ, ಸೂಜಿ ಚುಚ್ಚಿದ್ರು. ಸತ್ತವರು ಸರಿಯಾಗಿ ಹೋರಾಡಲಿಲ್ಲ ಅಂತ ಅರ್ಥಾನಾ?" ಅಂದಳು.

ಎರಡನೇ ಸಂದೇಶದಲ್ಲಿ ಅಂಕಿಯೂ ಇಲ್ಲ, ಹೋರಾಟವೂ ಇಲ್ಲ. ಅಕ್ಕನಿಗೆ ಏನಾಗಿತ್ತು, ನಾನು ಯಾವತ್ತು ಎಷ್ಟು ದೂರ ನಡೆಯುತ್ತೇನೆ, ಎಷ್ಟು ಬೇಕು, ಅಷ್ಟೇ. ಗುಂಪಿಗೆ ಹಾಕಲಿಲ್ಲ, ಒಬ್ಬೊಬ್ಬರಿಗೂ ಹೆಸರು ಹಿಡಿದು ಬೇರೆಬೇರೆಯಾಗಿ ಬರೆದೆ. ಮೂರು ವಾರದಲ್ಲಿ ಗುರಿ ದಾಟಿತು. ಹಳೆಯ ಸಹೋದ್ಯೋಗಿಯೊಬ್ಬರು ಮಾತ್ರ "ಈ ದುಡ್ಡು ಎಲ್ಲಿಗೆ ಹೋಗುತ್ತೆ?" ಅಂತ ನೇರವಾಗಿ ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ, ನಾಚಿಕೆಯಾಯಿತು. ಸಂಘಟಕರನ್ನು ವಿಚಾರಿಸಿ, ಚಿಕಿತ್ಸೆಗೆ ಎಷ್ಟು, ವೇದಿಕೆ ಮತ್ತು ಟೀ ಶರ್ಟಿಗೆ ಎಷ್ಟು ಅಂತ ಹಿಂದಿನ ವರ್ಷದ ಲೆಕ್ಕ ತರಿಸಿಕೊಂಡೆ. ಹೆಸರು ಕೊಡುವ ಮೊದಲೇ ಮಾಡಬೇಕಿದ್ದ ಕೆಲಸ. ಸ್ತನ ಕ್ಯಾನ್ಸರ್ ಜಾಗೃತಿಯ ಗುರುತಾದ ಗುಲಾಬಿ ಬಣ್ಣ ಬಳಿದು ಸರಕು ಮಾರುವವರ ವಿರುದ್ಧ ಅಮೆರಿಕದ ಬ್ರೆಸ್ಟ್ ಕ್ಯಾನ್ಸರ್ ಆಕ್ಷನ್ ಎಂಬ ಗುಂಪು 2002ರಲ್ಲೇ ಪ್ರಚಾರ ಶುರುಮಾಡಿತ್ತು. ಅಂದರೆ ಈ ಅನುಮಾನ ನನ್ನ ಸಹೋದ್ಯೋಗಿಯೊಬ್ಬರದೇ ಅಲ್ಲ.

ಇನ್ನು ನಡಿಗೆಯ ತಯಾರಿ. ಹನ್ನೆರಡು ವಾರ. ವಾರದ ನಡುವೆ ಮೂರು ದಿನ ಮುಕ್ಕಾಲು ಗಂಟೆ, ಭಾನುವಾರ ಉದ್ದದ ನಡಿಗೆ. ಅದು 5 ಕಿಲೋಮೀಟರಿನಿಂದ ಶುರುವಾಗಿ ನಿಧಾನವಾಗಿ 18ಕ್ಕೆ ಬಂತು. ಕೊನೆಯ ವಾರ ಬೇಕೆಂದೇ ಕಡಿಮೆ ಮಾಡಿದೆ. ಮಂಡಿ ತಕರಾರು ಮಾಡಲಿಲ್ಲ, ಪಾದ ಮಾಡಿತು. ಹತ್ತಿಯ ಕಾಲುಚೀಲ ಬೆವರು ಹೀರಿಕೊಂಡು ಒದ್ದೆಯಾಗಿಯೇ ಉಳಿಯುತ್ತದೆ. ಒಂದು ಭಾನುವಾರ ಅರ್ಧ ದಾರಿಯಲ್ಲಿ ಹಿಮ್ಮಡಿ ಬೊಬ್ಬೆ ಎದ್ದು ಕುಂಟುತ್ತಾ ಮನೆಗೆ ಬಂದೆ. ಆಮೇಲೆ ಸಿಂಥೆಟಿಕ್ ಕಾಲುಚೀಲಕ್ಕೆ ಬದಲಾದೆ, ಬೆರಳ ಸಂದಿಗೆ ವ್ಯಾಸಲೀನ್ ಸವರಿದೆ. ಚರ್ಮ ಎಲ್ಲಾದರೂ ಬಿಸಿಯಾದಂತೆ ಅನಿಸಿದರೆ ಆಗಲೇ ನಿಂತು ಟೇಪು ಅಂಟಿಸಬೇಕು, ಇನ್ನೊಂದು ಕಿಲೋಮೀಟರ್ ನೋಡೋಣ ಅಂದರೆ ಕೆಟ್ಟಿತು. ಶೂ ಬದಲಾಯಿಸಲಿಲ್ಲ. ಗಂಟೆಗಟ್ಟಲೆ ನಡೆದರೆ ಪಾದ ಊದುತ್ತದೆ, ಅರ್ಧ ಸೈಜು ದೊಡ್ಡದು ಬೇಕಿತ್ತು. ಈ ಜಿಪುಣತನದ ಫಲ ಮುಂದೆ ಹೇಳುತ್ತೇನೆ.

ನಡಿಗೆಯ ದಿನ ಬೆಳಿಗ್ಗೆ ಉಂಗುರ ಬಿಚ್ಚಿಟ್ಟು ಹೋದೆ. ಕೈ ಜೋಲುಬಿಟ್ಟು ಬಹಳ ಹೊತ್ತು ನಡೆದರೆ ಬೆರಳೂ ದಪ್ಪಗಾಗುತ್ತವೆ. ನನ್ನ ಪಕ್ಕದಲ್ಲಿ ನಡೆಯುತ್ತಿದ್ದ ಗಂಡಸೊಬ್ಬರನ್ನು ಯಾರೋ, "ಮನೆಯವರಿಗಾಗಿ ನಡೀತಿದ್ದೀರಾ?" ಅಂತ ಕೇಳಿದರು. "ಇಲ್ಲ, ನನಗೇ ಆಗಿತ್ತು" ಅಂದರು. ನೂರು ಸ್ತನ ಕ್ಯಾನ್ಸರ್‌ಗಳಲ್ಲಿ ಒಂದೋ ಅರ್ಧವೋ ಗಂಡಸರದು. ಕೇಳಿದವರು ಅಲ್ಲಿಂದ ಮುಂದೆ ಬರೀ ಬಿಸಿಲಿನ ಬಗ್ಗೆ ಮಾತಾಡಿದರು.

ಕೊನೆಯ ಎರಡು ಕಿಲೋಮೀಟರಿಗೆ ಅಕ್ಕ ಜೊತೆಯಾದಳು. ಕಂಕುಳಿನ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದದ್ದರಿಂದ ಅವಳ ಎಡಗೈ ಊದಿಕೊಳ್ಳುತ್ತದೆ; ಬಿಗಿಯಾದ ತೋಳುಚೀಲ ಹಾಕಿಕೊಂಡು, ಆಗಾಗ ಕೈ ಮೇಲೆತ್ತಿ ಮುಷ್ಟಿ ಬಿಗಿದು ಬಿಡುತ್ತಾ ನಡೆದಳು. ನೋಡಿದವರು ಅದನ್ನು ಘೋಷಣೆ ಅಂದುಕೊಂಡು ಚಪ್ಪಾಳೆ ತಟ್ಟಿದರು. ಅವಳು ತಿದ್ದಲು ಹೋಗಲಿಲ್ಲ.

ಕೊಡುತ್ತೇನೆ ಅಂದಿದ್ದ ಐದು ಜನರಿಗೆ ನೆನಪಿಸಲು ಇನ್ನೂ ಒಂದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಬಲಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿ ಕಳಚಿಬಿತ್ತು. ಅಕ್ಕನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, "ಕೀಮೋದಲ್ಲಿ ನನ್ನವು ಆರು ಹೋಗಿದ್ವು. ಬರುತ್ತೆ ಬಿಡು, ಸ್ವಲ್ಪ ಸೊಟ್ಟಗೆ ಬರುತ್ತೆ" ಅಂದಳು.