ಕೋಲು ಬಿಟ್ಟ ಮೇಲೆ ಕೈಗೆ ಸಿಕ್ಕ ಭೂಮಿ: ನಮ್ಮ ಶಾಲೆಯ ನೆರಳಿನ ಪ್ರಾಜೆಕ್ಟ್

"ನೆರಳು ಅಳೆದು ಭೂಮಿಯ ಸುತ್ತಳತೆ ಕಂಡುಹಿಡಿಯೋದು ಪುಸ್ತಕದಲ್ಲಿ ಮಾತ್ರ ಚೆಂದ, ಸರ್ಕಾರಿ ಹೈಸ್ಕೂಲಿನ ಅಂಗಳದಲ್ಲಿ ಆಗೋ ಮಾತಲ್ಲ ಮೇಷ್ಟ್ರೇ" ಎಂದು ಗಣಿತ ಶಿಕ್ಷಕರ ಸಭೆಯೊಂದರಲ್ಲಿ ನಕ್ಕವರಿದ್ದರು. ಅವರಿಗೆ ಈಗ ನಮ್ಮ ಒಂಬತ್ತನೇ ತರಗತಿಯ ಮಕ್ಕಳು ತೆಗೆದ ಅಂಕಿ ತೋರಿಸಬಹುದು: ನಲವತ್ತೂವರೆ ಸಾವಿರ ಕಿ.ಮೀ. ಧ್ರುವಗಳ ಮೇಲೆ ಹಾದು ಸುತ್ತಿದರೆ ನಿಜವಾದ ಲೆಕ್ಕ 40,008. ಮಕ್ಕಳು ಉಪಕರಣ ಮಾಡಿ ಕಲಿಯಲು ಕೇಂದ್ರ ಸರ್ಕಾರ ಕೊಡುವ ಅಟಲ್ ಟಿಂಕರಿಂಗ್ ಲ್ಯಾಬ್ ಇಲ್ಲದ ಶಾಲೆ ನಮ್ಮದು, ಅದನ್ನೂ ಸೇರಿಸಿ ಹೇಳುತ್ತೇನೆ.

ನಾನು ಚಾಮರಾಜನಗರದ ಕಡೆಯ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕ. ತರಬೇತಿಯಲ್ಲಿ ಪರಿಚಯವಾದ ಮೇಡಂ ಒಬ್ಬರು ಬೀದರ್ ಹತ್ತಿರ ಇದ್ದಾರೆ. ಜೋಡಿ ಚೆನ್ನಾಗಿ ಕೂಡುತ್ತದೆ. ನಾವು ಸುಮಾರು 11.9 ಡಿಗ್ರಿ ಉತ್ತರ, ಅವರು 17.9. ರೇಖಾಂಶದಲ್ಲಿ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ವ್ಯತ್ಯಾಸ, ಅಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಲೆಕ್ಕ ಹಳೆಯ ಗ್ರೀಕ್ ಪಂಡಿತ ಎರಟೋಸ್ತನೀಸನದು: ಎರಡು ಊರಿನಲ್ಲಿ ಮಧ್ಯಾಹ್ನದ ಬಿಸಿಲಿನ ಕೋನ ಎಷ್ಟು ಬೇರೆ ಎಂದು ನೋಡಬೇಕು, ಆ ವ್ಯತ್ಯಾಸ 360 ಡಿಗ್ರಿಯಲ್ಲಿ ಎಷ್ಟನೇ ಪಾಲೋ ಊರುಗಳ ನಡುವಿನ ದೂರವೂ ಭೂಮಿಯ ಸುತ್ತಳತೆಯಲ್ಲಿ ಅಷ್ಟನೇ ಪಾಲು. ಅವನಿಗೆ ಈಜಿಪ್ಟಿನ ಬಿಸಿಲಿತ್ತು. ನಮಗೆ ಸಿಕ್ಕಿದ್ದು ಸೆಪ್ಟೆಂಬರ್ ಮೋಡ.

ಮೊದಲು ಮಾಡಿದ್ದು ಸೆಪ್ಟೆಂಬರ್ ವಿಷುವದ ದಿನ, ಅಂದರೆ ಹಗಲು ರಾತ್ರಿ ಹೆಚ್ಚುಕಡಿಮೆ ಸಮ ಇರುವ ದಿನ. ಎಲ್ಲರೂ ಹಾಗೇ ಮಾಡುತ್ತಾರೆ ಅಂತ. ಇಲ್ಲಿ ಬಿಸಿಲಿದ್ದರೆ ಅಲ್ಲಿ ಮಳೆ, ಅಲ್ಲಿ ಬಿಸಿಲಿದ್ದರೆ ಇಲ್ಲಿ ತುಂತುರು. ವಿಷುವದ ಹೊತ್ತಿನಲ್ಲಿ ಸೂರ್ಯ ಉತ್ತರ–ದಕ್ಷಿಣವಾಗಿ ದಿನಕ್ಕೆ 0.4 ಡಿಗ್ರಿ ಜಾರುತ್ತಾನೆ. ಹಾಗಾಗಿ ಎರಡೂ ಕಡೆ ಒಂದೇ ದಿನ ಅಳೆಯಲೇಬೇಕು, ಬೇರೆ ದಾರಿಯಿಲ್ಲ. ಎರಡು ಮೂರು ವರ್ಷ ಹೀಗೇ ಹೋಯಿತು. ಒಮ್ಮೆ ಎರಡೂ ಕಡೆ ಬಿಸಿಲು ಬಂತು. ಆಗ ಅವರ ಶಾಲೆಯಲ್ಲಿ ಹನ್ನೆರಡರ ಗಂಟೆ ಹೊಡೆದ ಕೂಡಲೇ ನೆರಳು ಅಳೆದು ಮುಗಿಸಿಬಿಟ್ಟಿದ್ದರು, ಸೂರ್ಯ ಅತಿ ಎತ್ತರಕ್ಕೆ ಏರುವುದು ನಮ್ಮ ಕಡೆ ಗಡಿಯಾರದ ಹನ್ನೆರಡು ದಾಟಿದ ಮೇಲೆ!

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ವೆಲ್ಡಿಂಗ್ ಶಾಪಿನಲ್ಲಿ ಎರಡು ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದೆ, ಸಾವಿರದ ನಾನೂರೋ ಐನೂರೋ ಆಯಿತು. ಒಂದನ್ನು ಬಸ್ಸಿನಲ್ಲಿ ಬೀದರ್‌ಗೆ ಕಳಿಸಲು ಇನ್ನೂ ಇನ್ನೂರೈವತ್ತು. ಶಾಲಾ ಅನುದಾನದಲ್ಲಿ ಹಾಕೋಣ ಎಂದರೆ ಜಿಎಸ್‌ಟಿ ಬಿಲ್ ಬೇಕಂತೆ. ವೆಲ್ಡಿಂಗ್ ಮಾಡಿದವರು ಕೊಟ್ಟಿದ್ದು ಸಿಗರೇಟ್ ಪ್ಯಾಕಿನ ಹಿಂದೆ ಬರೆದ ಲೆಕ್ಕ. ಅಷ್ಟೂ ಜೇಬಿನಿಂದಲೇ ಹೋಯಿತು. ಇಷ್ಟೆಲ್ಲ ಆದ ಮೇಲೂ ಅಂಗಳದ ನೆಲ ಮಟ್ಟವಿಲ್ಲ, ಸ್ಟ್ಯಾಂಡ್ ನೆಟ್ಟಗೆ ನಿಲ್ಲುವುದಿಲ್ಲ. ಕೋಲು ಒಂದು ಡಿಗ್ರಿ ವಾಲಿದರೆ ಭೂಮಿ ಆರರಿಂದ ಎಂಟು ಸಾವಿರ ಕಿ.ಮೀ. ಹಿಗ್ಗುತ್ತದೆ, ಇಲ್ಲವೇ ಕುಗ್ಗುತ್ತದೆ. ನೆರಳಿನ ತುದಿಯದು ಇನ್ನೊಂದು ರಗಳೆ. ಮೀಟರ್ ಎತ್ತರದ ಕೋಲಿಗೆ ಸುಮಾರು ಒಂದು ಸೆಂ.ಮೀ. ಅಗಲದ ಮಸುಕು. ಒಬ್ಬ ಒಳಗಿನ ಅಂಚು ಹಿಡಿದರೆ ಇನ್ನೊಬ್ಬ ಹೊರಗಿನದು ಹಿಡಿಯುತ್ತಾನೆ.

ದಾರಿ ತೋರಿಸಿದ್ದು ಗ್ರಹಣ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಬೆಳಿಗ್ಗೆ ಶಾಲೆಗೆ ಬಂದವರು ಬೆರಳೆಣಿಕೆಯ ಮಕ್ಕಳು, ಉಳಿದವರನ್ನು ಮನೆಯವರು ಹೊರಗೆ ಬಿಟ್ಟಿರಲಿಲ್ಲ. ಸೈಕಲ್ ಸ್ಟ್ಯಾಂಡಿನ ತಗಡಿನಲ್ಲಿ ಮೊಳೆ ಕಿತ್ತ ತೂತುಗಳಿವೆ. ಒಂಬತ್ತೂವರೆ ಹೊತ್ತಿಗೆ ಆ ತೂತುಗಳಿಂದ ಬಿದ್ದ ಬೆಳಕೆಲ್ಲ ನೆಲದ ಮೇಲೆ ಕುಡುಗೋಲಿನ ಅಲಗಿನ ಹಾಗೆ ಬಾಗಿದ್ದವು. ಒಂದು ಹುಡುಗಿ ಸೀಮೆಸುಣ್ಣದಲ್ಲಿ ಅವುಗಳ ಸುತ್ತ ಗೆರೆ ಎಳೆಯುತ್ತಾ ಕೂತಿದ್ದಳು. ಗೆರೆ ಎಷ್ಟು ಚೊಕ್ಕವಾಗಿ ಬರುತ್ತಿತ್ತು ಅಂದರೆ, ನೆರಳಿನ ತುದಿಗೆ ಯಾಕೆ ಜೋತುಬಿದ್ದಿದ್ದೇವೆ, ಬೆಳಕನ್ನೇ ಅಳೆದರಾಯಿತಲ್ಲ ಅನ್ನಿಸಿತು.

ಅಲ್ಲಿಂದ ಮುಂದೆ ಕೊರೊನಾ. ಶಾಲೆ ಸರಿಯಾಗಿ ನಡೆಯಲು ಶುರುವಾದ ಮೇಲೆ ಕೋಲನ್ನು ಪೂರ್ತಿ ಬಿಟ್ಟೆ. ಅಗಲವಾದ ರಟ್ಟಿನ ನಡುವೆ 3 ಮಿ.ಮೀ. ತೂತಿನ ವಾಷರ್ ಅಂಟಿಸಿ, ರಟ್ಟನ್ನು ಲ್ಯಾಬಿನ ಎರಡು ಸ್ಟ್ಯಾಂಡಿಗೆ ಅಡ್ಡಲಾಗಿ ಕಟ್ಟಿದೆವು. ಆ ಸ್ಟ್ಯಾಂಡುಗಳನ್ನು ಪೂರ್ವಕ್ಕೊಂದು ಪಶ್ಚಿಮಕ್ಕೊಂದು ಬೆಂಚಿನ ಮೇಲೆ ಇಟ್ಟೆವು. ತೂತಿನೊಳಗಿಂದಲೇ ಗಾರೆಯವರ ತೂಗುಗುಂಡು ಇಳಿಬಿಟ್ಟು, ನೆಲದಲ್ಲಿ ಅದು ಮುಟ್ಟಿದ ಜಾಗಕ್ಕೆ ಗುರುತು ಹಾಕಿ, ದಾರ ತೆಗೆದುಬಿಟ್ಟೆವು. ಈಗ ಸ್ಟ್ಯಾಂಡ್ ವಾಲಿದರೂ ಚಿಂತೆಯಿಲ್ಲ. ನೆಲ ಮಾತ್ರ ಮಟ್ಟವಿರಬೇಕು. ಅದಕ್ಕೆ ರಸಮಟ್ಟ ಇಟ್ಟು ಜಗಲಿಯ ಮುಂದೆ ಒಂದು ಪ್ಲೈವುಡ್ ಹಲಗೆ ಕೂರಿಸಿದೆವು. ಹಲಗೆಯ ಮೇಲೆ ಒಂದೂವರೆ ಸೆಂ.ಮೀ. ಉದ್ದದ, ಮೊಟ್ಟೆಯಾಕಾರದ ಬೆಳಕು ಬೀಳುತ್ತದೆ. ಇದರ ನಟ್ಟನಡುವನ್ನು ಮಕ್ಕಳೇ ಒಂದು ಉಪಾಯದಿಂದ ಗುರುತಿಸುತ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅವರು ಶಾಲಾ ಮಕ್ಕಳ ಹೊಸ ಐಡಿಯಾಗಳಿಗೆ ಕೇಂದ್ರ ಸರ್ಕಾರ ಕೊಡುವ ಇನ್‌ಸ್ಪೈರ್ ಅವಾರ್ಡಿಗೆ ಹಾಕಿದ್ದಾರೆ. ಒಟ್ಟು ಖರ್ಚು ನೂರು ರೂಪಾಯಿ ದಾಟಿಲ್ಲ. ಗುಂಡು, ರಸಮಟ್ಟ ಎರಡೂ ಒಬ್ಬ ಹುಡುಗನ ಅಪ್ಪನವು.

ಇನ್ನೊಂದು ಬದಲಾವಣೆ ದಿನದ್ದು. ಡಿಸೆಂಬರ್ 18ರಿಂದ 25ರವರೆಗೆ ಸೂರ್ಯ ಉತ್ತರ–ದಕ್ಷಿಣವಾಗಿ ಹೆಚ್ಚುಕಡಿಮೆ ನಿಂತೇ ಇರುತ್ತಾನೆ, ವ್ಯತ್ಯಾಸ 0.05 ಡಿಗ್ರಿಯ ಆಸುಪಾಸು. ಹಾಗಾಗಿ ಬೀದರ್‌ನವರು ಇವತ್ತು ಅಳೆದು ನಾವು ಎರಡು ದಿನ ಬಿಟ್ಟು ಅಳೆದರೂ ನಡೆಯುತ್ತದೆ. ಹೋದ ಸಲ ಆದದ್ದೂ ಹಾಗೇ. "ಸರ್, ನಮ್ಮ ಕಡಿ ಬಿಸಿಲು ಚಲೋ ಅದ, ನಿಮ್ಮಲ್ಲಿ ಹ್ಯಾಂಗದ?" ಎಂದು ಮೇಡಂ ಫೋನ್ ಮಾಡಿದಾಗ ಇಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಮೋಡ. ನೀವು ಮುಗಿಸಿ, ನಾವು ಆಮೇಲೆ ಮಾಡ್ತೀವಿ ಅಂದೆ.

ನಮ್ಮಲ್ಲಿ ಆ ದಿನಗಳಲ್ಲಿ ಸೂರ್ಯ ನೆತ್ತಿರೇಖೆ ದಾಟುವುದು, ಅಂದರೆ ಅತಿ ಎತ್ತರದಲ್ಲಿ ಇರುವುದು, ಹನ್ನೆರಡೂ ಇಪ್ಪತ್ತರ ಹೊತ್ತಿಗೆ. ಹನ್ನೊಂದೂ ಐವತ್ತರಿಂದಲೇ ಮಕ್ಕಳು ಐದೈದು ನಿಮಿಷಕ್ಕೆ ಬೆಳಕಿನ ನಡುವಿಗೆ ಚುಕ್ಕಿ ಇಟ್ಟರು. ಬಿಸಿಯೂಟದ ಸಾರಿನ ವಾಸನೆ ಬರುತ್ತಿದ್ದರೂ ಯಾರೂ ಕದಲಲಿಲ್ಲ. "ಸಾ, ತಿರ್ಗಾ ಬೆಳೀತಾ ಅದೆ" ಎಂದು ಒಬ್ಬ ಕೂಗಿದ ಮೇಲೆ ತೂಗುಗುಂಡಿನ ಗುರುತಿಗೆ ಅತಿ ಹತ್ತಿರದ ಚುಕ್ಕಿಯ ದೂರ ಅಳೆದೆವು. ಮೀಟರ್ ಎತ್ತರಕ್ಕೆ ನಮ್ಮದು 71 ಸೆಂ.ಮೀ. ಚಿಲ್ಲರೆ, ಅವರದು 88ಕ್ಕೆ ಕೂದಲೆಳೆ ಕಡಿಮೆ. ಕೋನದ ವ್ಯತ್ಯಾಸ 5.9 ಡಿಗ್ರಿ.

ದೂರದ ವಿಷಯದಲ್ಲಿ ಒಳ್ಳೇ ಜಗಳವಾಯಿತು. ಒಂದು ಗುಂಪು ಬಸ್ಸಿನ ದಾರಿ, ಎಂಟುನೂರೈವತ್ತು ಕಿ.ಮೀ.ಗೂ ಮೇಲೆ, ಅದನ್ನೇ ಹಾಕಿತು. ಭೂಮಿ ಐವತ್ತು ಸಾವಿರ ದಾಟಿತು. ಗೋಡೆ ನಕ್ಷೆಯ ಮೇಲೆ ದಾರ ಎಳೆದಾಗ ಸಿಕ್ಕಿದ್ದು 665ರ ಸುಮಾರು. ಗ್ರಹಣದ ದಿನ ಗೆರೆ ಎಳೆದವಳ ತಂಗಿ ಆಗ ಕೇಳಿದಳು: "ಸಾ, ನಕ್ಷೆ ಮಾಡ್ದೋರು ಭೂಮಿ ಎಷ್ಟು ದಪ್ಪ ಅಂತ ತಿಳ್ಕಂಡೇ ತಾನೆ ಮಾಡಿರದು?" ಸಭೆಯಲ್ಲಿ ನಕ್ಕವರು ಯಾರೂ ಇದನ್ನು ಕೇಳಿರಲಿಲ್ಲ! ಒಂದು ಇಡೀ ಪೀರಿಯಡ್, ಬ್ರಿಟಿಷರ ಕಾಲದಲ್ಲಿ ಈ ದೇಶದ ನೆಲ ಅಳೆಯಲು ಹೊರಟ ಲ್ಯಾಂಬ್ಟನ್ನನ ಸರ್ವೆಗೆ ಹೋಯಿತು. 1800ರಲ್ಲಿ ಬೆಂಗಳೂರಿನ ಬಳಿ ಸರಪಳಿ ಹಾಸಿ ಅಳೆದದ್ದು, 1815ರಲ್ಲಿ ಬೀದರ್ ಕಡೆಯೂ ಹಾಗೇ ಆಧಾರರೇಖೆ ಅಳೆದದ್ದು, ನಡುವೆ ಬೆಟ್ಟದಿಂದ ಬೆಟ್ಟಕ್ಕೆ ಕಟ್ಟಿದ ತ್ರಿಕೋನಗಳು. ದೂರದ ಮೂಲ ನೆಲದ ಮೇಲಿನ ಅಳತೆಯೇ ಎಂದು ಅವಳು ಒಪ್ಪಿದಳು, ಅರೆಮನಸ್ಸಿನಿಂದ.

ಮುಖ್ಯೋಪಾಧ್ಯಾಯರನ್ನು ಒಪ್ಪಿಸಲು ಇದನ್ನು ಎಫ್‌ಎ-3ರ (ಮೂರನೇ ರೂಪಣಾತ್ಮಕ ಮೌಲ್ಯಮಾಪನದ) ಚಟುವಟಿಕೆ ಎಂದು ತೋರಿಸಿದೆ, ಹತ್ತನೇ ತರಗತಿಯನ್ನು ಮುಟ್ಟಲಿಲ್ಲ. ಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ ಬಂದು ನೆಟ್ಟಗೆ ನಿಂತ ಕೋಲಿಗೆ ನೆರಳೇ ಇಲ್ಲದಂತಾಗುವ ಶೂನ್ಯ ನೆರಳಿನ ದಿನಕ್ಕೂ ಕೈ ಹಾಕಿ ನೋಡಿದ್ದೇವೆ. ನಮ್ಮೂರಿಗೆ ಅದು ಏಪ್ರಿಲ್ ಮೂರನೇ ವಾರ, ಬೇಸಿಗೆ ರಜೆ. ಆಗಸ್ಟ್‌ನಲ್ಲಿ ಇನ್ನೊಮ್ಮೆ ಬರುತ್ತದೆ, ಆಗ ಮೋಡ. ಮಾಡುವವರಿದ್ದರೆ ಅಕ್ಷಾಂಶದಲ್ಲಿ ನಾಲ್ಕು ಡಿಗ್ರಿಯಾದರೂ ಅಂತರವಿರುವ ಶಾಲೆ ಹುಡುಕಿಕೊಳ್ಳಿ, ಹತ್ತಿರದ ಊರಾದರೆ ಅಳತೆಯ ತಪ್ಪೇ ಉತ್ತರವನ್ನು ನುಂಗುತ್ತದೆ. ಮಾರ್ಚ್ ವಿಷುವಕ್ಕೂ ಮಾಡೋಣ ಎಂದು ಬೀದರ್ ಮೇಡಂ ಹಟ ಹಿಡಿದಿದ್ದಾರೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕಾಲ, ಕೊಠಡಿ ಮೇಲ್ವಿಚಾರಣೆ ಬಿಟ್ಟು ಅಂಗಳಕ್ಕೆ ಬರಲು ನನಗಂತೂ ಆಗದು.